ಹಸಿರು ಕಟ್ಟಡಕ್ಕೆ ಎಂಥ ಕರಾರು?

ಪ್ರಶ್ನೆ: ನಮ್ಮ ಸಂಸ್ಥೆ ಹುಬ್ಬಳ್ಳಿಯಲ್ಲಿ ವಿದ್ಯಾರ್ಥಿನಿಲಯ ಕಟ್ಟಿಸುತ್ತಿದೆ. ವಿದ್ಯುತ್ತು, ನೀರು ಕಡಿಮೆ ಬಳಸುವ ಹಸಿರು ಕಟ್ಟಡ ಬೇಕು. ನಕ್ಷೆ ಮಾಡಿಸಿ, ಟೆಂಡರ್ ಕರೆದು, ಅತಿ ಕಡಿಮೆ ದರ ಹೇಳಿದವರಿಗೆ ಕೊಟ್ಟರೆ ಸಾಕಲ್ಲವೇ?
– ಕಾರ್ಯದರ್ಶಿ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಾನು ವಿನ್ಯಾಸ ಮಾಡಿದ ಒಂದು ಕಚೇರಿಗೆ ಹೀಗೆಯೇ ಟೆಂಡರ್ ಕರೆದಿದ್ದೆವು. ತಾರಸಿಯ ಶಾಖ ನಿರೋಧಕ ಪದರ ಉಳಿತಾಯದ ಹೆಸರಿನಲ್ಲಿ ಮಾಯವಾಯಿತು, ಕಿಟಕಿಗಳ ಸಜ್ಜಾ ಒಂದೂವರೆ ಅಡಿಗೆ ಇಳಿಯಿತು. ಕರಾರಿನಲ್ಲಿ ವಿದ್ಯುತ್ ಬಳಕೆಯ ಮಾತೇ ಇರಲಿಲ್ಲ, ಹಾಗಾಗಿ ಯಾರನ್ನೂ ಕೇಳುವಂತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಆ ಮೇಲ್ಮಹಡಿಯಲ್ಲಿ ಕೆಲಸ ಮಾಡುವವರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಬೇರೆ ದಾರಿಯೂ ಇದೆ. ಅಮೆರಿಕದ ಕೊಲೊರಾಡೊದಲ್ಲಿ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಕಚೇರಿ ಕಟ್ಟಡ 2010ರಲ್ಲಿ ಕಟ್ಟಿ ಮುಗಿಯಿತು. ಅಲ್ಲಿ ಮಾಲೀಕರು ಬೆಲೆಯನ್ನು ಮೊದಲೇ ಗೊತ್ತುಪಡಿಸಿದರು. ವಾಸ್ತುಶಿಲ್ಪಿ, ಗುತ್ತಿಗೆದಾರ ಒಂದೇ ತಂಡವಾಗಿ ಬರಬೇಕೆಂದರು. ಸಿದ್ಧ ನಕ್ಷೆಯ ಬದಲು ಗುರಿಗಳನ್ನು ಕೊಟ್ಟರು: ಆಗಲೇಬೇಕಾದವು, ಆದರೆ ಬಹಳ ಒಳ್ಳೆಯದು ಎನ್ನುವಂಥವು, ಸಾಧ್ಯವಾದರೆ ಸಾಕು ಎನ್ನುವಂಥವು. ವರ್ಷಕ್ಕೆ ಚದರ ಅಡಿಗೆ ಎಷ್ಟು ಇಂಧನ ಎಂಬ ಅಂಕಿಯೂ ಅದರಲ್ಲಿತ್ತು. ಆ ಅಂಕಿಯೇ ಇಡೀ ಕಟ್ಟಡವನ್ನು ರೂಪಿಸಿತು ಎಂದು ನಾನು ನಂಬುತ್ತೇನೆ.

ನೀವೂ ಚದರ ಮೀಟರಿಗೆ ಎಷ್ಟು ಯೂನಿಟ್, ವಿದ್ಯಾರ್ಥಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಎಂದು ಕರಾರಿನಲ್ಲೇ ಬರೆಸಿ. ಬಿಸಿನೀರು, ಪಂಪು, ದೀಪಗಳಿಗೆ ಬೇರೆ ಬೇರೆ ಮೀಟರ್ ಇರಲಿ. ಯಾವ ಬದಲಾವಣೆಯಾದರೂ ಬಳಕೆಯ ಲೆಕ್ಕವನ್ನು ಮತ್ತೆ ಹಾಕಿ ತೋರಿಸಿದ ಮೇಲೆಯೇ ಒಪ್ಪಿ. ಕೊನೆಯ ಕಂತಿನ ಒಂದು ಭಾಗವನ್ನು, ವಿದ್ಯಾರ್ಥಿಗಳು ಒಂದು ವರ್ಷ ವಾಸವಿದ್ದು ಬಿಲ್ಲುಗಳು ಕೈಗೆ ಬರುವವರೆಗೆ ಹಿಡಿದಿಡಿ. ಹಸಿರು ಕಟ್ಟಡಗಳನ್ನು ಅಳೆದು ದರ್ಜೆ ಕೊಡುವ ಭಾರತದ ‘ಗೃಹ’ (GRIHA) ವ್ಯವಸ್ಥೆಯ ಪ್ರಮಾಣಪತ್ರ ಬೇಕಿದ್ದರೆ ನಕ್ಷೆಗೆ ಮೊದಲೇ ನಿರ್ಧರಿಸಿ.