ಎಡದಿಂದ ಬಲಕ್ಕೆ

ಪತ್ರ:
"ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಇಸ್ರೇಲಿನ ಫೋಟೋಗ್ರಾಫರ್‌ಗಳ ಮೇಲೆ ಎಂಟು ಪುಟ ಕೊಟ್ಟಿದ್ದೀರಿ. ಎರಡು ಮಾತು ಹೇಳಬೇಕು. ಒಂದು, ಸದಾ ಯುದ್ಧದ ಭಯದಲ್ಲಿರುವ ದೇಶ ಅದು. ಅಲ್ಲಿಯವರೇ ತಮ್ಮ ಸೈನಿಕರ ತಪ್ಪು ಹುಡುಕಿ ಫೋಟೋ ತೆಗೆದರೆ ಉಂಡ ಮನೆಗೆ ಎರಡು ಬಗೆದಂತೆ ಅಲ್ಲವೇ? ಎರಡು, ಒಳ್ಳೆಯ ಚಿತ್ರ ತಾನೇ ಮಾತಾಡುತ್ತದೆ. ನೀವು ಪ್ರತಿ ಚಿತ್ರದ ಕೆಳಗೆ ಆರೇಳು ಸಾಲು ತುರುಕಿ ಅದರ ಬಾಯಿ ಮುಚ್ಚಿಸಿದ್ದೀರಿ. ಜೊತೆಗೆ ನಮ್ಮ ಶಾಲೆಯ ಹಳೆಯ ಫೋಟೋ ಒಂದನ್ನು ಇಟ್ಟಿದ್ದೇನೆ. ಜಾಗ ಇದ್ದರೆ ಪ್ರಕಟಿಸಿ."
– ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಆಫೀಸಿನಲ್ಲಿ ಎಲ್ಲರೂ ಪತ್ರವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಅಕ್ಷರಕ್ಕೆ ಪೂರ್ತಿ ಅಂಕ. ವಿಷಯಕ್ಕೆ ಮಾತ್ರ ಸ್ವಲ್ಪ ಹಿಡಿದು ಕೊಡಬೇಕಾಗುತ್ತದೆ.

ಎರಡನೇ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಚುಚ್ಚಿದ್ದು ಅದೇ. ಆ ಆರೇಳು ಸಾಲುಗಳನ್ನು ಬರೆದವನು ನಾನು. ಡೆಸ್ಕಿನ ಹುಡುಗರು ಒಂದೊಂದು ಸಾಲಿನ ಕ್ಯಾಪ್ಶನ್ ಸಾಕು ಅಂದಿದ್ದರು. ನಾನೇ ಹಟ ಹಿಡಿದು ಚಿತ್ರಗಳನ್ನು ಒಂದಿಷ್ಟು ಚಿಕ್ಕದು ಮಾಡಿಸಿದೆ.

ಕೆಲವು ಚಿತ್ರಗಳಿಗೆ ಮಾತು ಬೇಡ, ಒಪ್ಪಿದೆ. 2020ರ ಏಪ್ರಿಲ್‌ನಲ್ಲಿ ಟೆಲ್ ಅವೀವ್‌ನ ರಾಬಿನ್ ಚೌಕದಲ್ಲಿ ಸರ್ಕಾರದ ವಿರುದ್ಧ ಸಭೆ ಸೇರಿತ್ತು. ಕೊರೊನಾ ಕಾಲ. ಬಂದವರೆಲ್ಲ ಎರಡೆರಡು ಮೀಟರ್ ದೂರ ಬಿಟ್ಟು ನಿಂತಿದ್ದರು. ಹಾರೆಟ್ಸ್ ಪತ್ರಿಕೆಯ ಟೋಮರ್ ಅಪ್ಪೆಲ್‌ಬೌಮ್ ತೆಗೆದ ಚಿತ್ರ ನೋಡಿದರೆ ಚೌಕಾಬಾರದ ಮನೆಗಳಲ್ಲಿ ಕಾಯಿ ಇಟ್ಟ ಹಾಗಿದೆ. ನಮಗೆ ವಿವರಣೆ ಬೇಕಾಗಿಲ್ಲ, ನಾವೂ ಹಾಗೇ ನಿಂತವರು. ಆದರೆ ಈಗ ಹುಟ್ಟುವ ಮಗು ಇನ್ನು ಇಪ್ಪತ್ತು ವರ್ಷಕ್ಕೆ ಅದನ್ನು ನೋಡಿದರೆ? ಇವರೇನು ಒಬ್ಬರ ಮೇಲೊಬ್ಬರು ಮುನಿಸಿಕೊಂಡಿದ್ದಾರಾ ಅಂತ ಕೇಳುತ್ತದೆ, ಅಲ್ವಾ?

ಈಗ 'ತಾನೇ ಮಾತಾಡುವ' ಒಂದು ಒಳ್ಳೆಯ ಚಿತ್ರಕ್ಕೇ ಬರೋಣ. 1967ರ ಜೂನ್ 7, ಯಹೂದಿಗಳಿಗೆ ಪವಿತ್ರವಾದ ಜೆರುಸಲೇಮಿನ ಪಶ್ಚಿಮ ಗೋಡೆ. ಜೋರ್ಡಾನ್ ಕೈಯಲ್ಲಿದ್ದ ಹಳೆ ಊರನ್ನು ಆಗಷ್ಟೇ ಹಿಡಿದ ಮೂವರು ಯುವ ಇಸ್ರೇಲಿ ಸೈನಿಕರು ತಲೆಯೆತ್ತಿ ನೋಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ಹೆಲ್ಮೆಟ್. ತೆಗೆದವರು ಡೇವಿಡ್ ರೂಬಿಂಗರ್. ಇಸ್ರೇಲಿನಲ್ಲಿ ಇದನ್ನು ನೋಡದ ಮನೆಯೇ ಇಲ್ಲ ಅನ್ನಬಹುದು. ತಮಾಷೆ ಏನೆಂದರೆ ರೂಬಿಂಗರ್‌ಗೇ ಅದು ಅಷ್ಟು ಹಿಡಿಸಿರಲಿಲ್ಲ. ಒಂದು ಮುಖ ಕತ್ತರಿಸಿ ಹೋಗಿದೆ, ಫೋಟೋ ಅಂತ ನೋಡಿದರೆ ಇದು ಒಳ್ಳೆಯದಲ್ಲ ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಸೇನೆಯ ಮುಖ್ಯ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಶ್ಲೋಮೊ ಗೋರೆನ್ ಅಲ್ಲಿಗೆ ಬಂದು ಕೊಂಬು ಊದಿದ್ದರು. ರೂಬಿಂಗರ್‌ಗೆ ಆ ಗದ್ದಲದ ಚಿತ್ರವೇ ಇಷ್ಟ. ಸೈನಿಕರದ್ದೇ ಚೆನ್ನಾಗಿದೆ ಅಂದವರು ಅವರ ಹೆಂಡತಿ. ಹೆಂಡತಿ ಹೇಳಿದ್ದೇ ಸರಿಯಾಯಿತು. ನೆಗೆಟಿವ್ ಸೇನೆಯ ಕೈ ಸೇರಿ, ಅಲ್ಲಿಂದ ಸರ್ಕಾರದ ಪತ್ರಿಕಾ ಕಚೇರಿಗೆ ಹೋಗಿ, ಕೇಳಿದವರಿಗೆಲ್ಲ ಪುಡಿಗಾಸಿಗೆ ಹಂಚಿಕೆಯಾಯಿತು. ಪಾಪ, ರೂಬಿಂಗರ್‌ಗೆ ಅದರ ಸಿಟ್ಟು ಇತ್ತು.

ಆ ಚಿತ್ರದ ಬಲ ಇರುವುದು ಅದರ ಕೋನದಲ್ಲಿ. ಕ್ಯಾಮೆರಾ ಕೆಳಗಿದೆ, ಹುಡುಗರು ಗೋಡೆಯಷ್ಟೇ ಎತ್ತರ ಕಾಣುತ್ತಾರೆ. ಯಾಕೆ ಗೊತ್ತಾ? ರೂಬಿಂಗರ್ ನೆಲದ ಮೇಲೆ ಮಲಗಿಕೊಂಡು ತೆಗೆದಿದ್ದರು. ಮಲಗಿದ್ದು ಕಲೆಗಾಗಿ ಅಲ್ಲ. ಗೋಡೆಯ ಮುಂದೆ ಆಗ ಇದ್ದದ್ದು ಒಂದು ಕಿರಿದಾದ ಓಣಿ, ಹಿಂದೆ ಸರಿಯಲು ಜಾಗವೇ ಇರಲಿಲ್ಲ. ಓಣಿಯ ಆಚೆ ಬದಿಗೆ ಮುಘ್ರಬಿ ಕೇರಿ. ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮರ ಕುಟುಂಬಗಳು ನೂರಾರು ವರ್ಷದಿಂದ ಇದ್ದ ಕೇರಿ ಅದು. ಚಿತ್ರ ತೆಗೆದ ನಾಲ್ಕು ದಿನದೊಳಗೆ ಸುಮಾರು 135 ಮನೆಗಳನ್ನು ಬುಲ್ಡೋಜರ್‌ನಲ್ಲಿ ಕೆಡವಿ ಬಯಲು ಮಾಡಿದರು. ಈಗ ಟೀವಿಯಲ್ಲಿ ಗೋಡೆಯ ಮುಂದೆ ಸಾವಿರಾರು ಜನ ಪ್ರಾರ್ಥನೆ ಮಾಡುವ ವಿಶಾಲ ಅಂಗಳ ಕಾಣುತ್ತದಲ್ಲ, ಅದೇ ಜಾಗ.

ಈಗ ಹೇಳಿ. ಆ ಓಣಿ, ಆ ಕೇರಿ, ಆ ನಾಲ್ಕು ದಿನ ಚಿತ್ರದಲ್ಲಿ ಎಲ್ಲಿದೆ? ಮೂವರು ಹುಡುಗರ ಕಣ್ಣಿನ ಬೆರಗು ಸುಳ್ಳಲ್ಲ. ಹತ್ತೊಂಬತ್ತು ವರ್ಷ ಯಹೂದಿಗಳಿಗೆ ಆ ಗೋಡೆಯ ಹತ್ತಿರ ಹೋಗಲು ಆಗಿರಲಿಲ್ಲ. ಚಿತ್ರ ಅಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಮುಂದಿನದನ್ನು ಹೇಳಲು ನನ್ನ ಆರೇಳು ಸಾಲು ಬೇಕಾಯಿತು.

ಇನ್ನೊಂದು ಚಿತ್ರ. ಇದಕ್ಕೆ ಎರಡು ಪುಟ ಕೊಡಬೇಕಿತ್ತು, ಅರ್ಧ ಪುಟ ಕೊಟ್ಟೆವು. 1984ರ ಏಪ್ರಿಲ್ 12ರಂದು ಗಾಜಾದ ನಾಲ್ವರು ಟೆಲ್ ಅವೀವ್‌ನಿಂದ ಅಶ್ಕೆಲೋನ್‌ಗೆ ಹೋಗುತ್ತಿದ್ದ 300ನೇ ನಂಬರ್ ಬಸ್ಸನ್ನು ಅಪಹರಿಸಿದರು. ಬೆಳಗಿನ ಜಾವ ಸೈನಿಕರು ಬಸ್ಸಿಗೆ ನುಗ್ಗಿದರು. ಒಬ್ಬ ಪ್ರಯಾಣಿಕಳು ಸತ್ತಳು. ಅಪಹರಿಸಿದ ನಾಲ್ವರೂ ಕಾರ್ಯಾಚರಣೆಯಲ್ಲೇ ಸತ್ತರೆಂದು ಸುದ್ದಿ ಹೊರಬಂತು. ಆದರೆ ಹದಾಶೋತ್ ಅನ್ನುವ ಹೊಸ ಪತ್ರಿಕೆಯ ಅಲೆಕ್ಸ್ ಲೆವಾಕ್ ಬಳಿ ಒಂದು ಫೋಟೋ ಇತ್ತು. ಇಬ್ಬರು ಒಬ್ಬ ಯುವಕನನ್ನು ಎರಡೂ ಕಡೆಯಿಂದ ಹಿಡಿದು ನಡೆಸಿಕೊಂಡು ಹೋಗುತ್ತಿದ್ದಾರೆ. ಅವನು ತನ್ನ ಕಾಲ ಮೇಲೇ ನಡೆಯುತ್ತಿದ್ದಾನೆ.

ಸುಮ್ನೆ ನೋಡಿದರೆ ಏನಿದೆ ಅದರಲ್ಲಿ? ಕತ್ತಲು, ಮೂರು ಜನ. ಯಾರನ್ನೋ ಪೊಲೀಸರು ಹಿಡಿದ ಚಿತ್ರ ಯಾವ ಊರಲ್ಲಿ ಇಲ್ಲ? ಅದು ಸಾಕ್ಷಿಯಾದದ್ದು ಪತ್ರಿಕೆಯವರು ಅದನ್ನು ಗಾಜಾಕ್ಕೆ ಹೊತ್ತುಕೊಂಡು ಹೋಗಿ ಇವನು ಯಾರು ಅಂತ ಕೇಳಿದಾಗ. ಮನೆಯವರು, ನೆರೆಯವರು ಗುರುತಿಸಿದರು. ಸತ್ತ ನಾಲ್ವರಲ್ಲಿ ಒಬ್ಬ. ಅಂದರೆ ಬಸ್ಸಿನಿಂದ ಇಳಿಯುವಾಗ ಬದುಕಿದ್ದ! ಸೆನ್ಸಾರ್‌ನವರು ಪ್ರಕಟಿಸಬೇಡಿ ಅಂದರು. ತನಿಖಾ ಸಮಿತಿ ರಚನೆಯಾದ ಸುದ್ದಿಯನ್ನು ಸೆನ್ಸಾರ್ ಮೀರಿ ಹಾಕಿದ್ದಕ್ಕೆ ಪತ್ರಿಕೆಯನ್ನು ನಾಲ್ಕು ದಿನ ಮುಚ್ಚಿಸಿದರು. ಕೊನೆಗೆ ಗೊತ್ತಾಯಿತು, ಸೆರೆಸಿಕ್ಕ ಇಬ್ಬರನ್ನು ಆಂತರಿಕ ಗುಪ್ತಚರ ಸಂಸ್ಥೆ ಶಿನ್ ಬೆಟ್‌ನವರು ಕೊಂದಿದ್ದರು. 1986ರಲ್ಲಿ ಅದರ ಮುಖ್ಯಸ್ಥ ಅವ್ರಹಾಮ್ ಶಾಲೋಮ್ ಕುರ್ಚಿ ಬಿಟ್ಟರು. ವಿಚಾರಣೆಗೆ ಮೊದಲೇ ಅಧ್ಯಕ್ಷರಿಂದ ಕ್ಷಮಾದಾನವೂ ಸಿಕ್ಕಿತು. 2005ರಲ್ಲಿ ಅದೇ ಸರ್ಕಾರ ಲೆವಾಕ್‌ಗೆ ದೇಶದ ಅತಿ ದೊಡ್ಡ ಗೌರವವಾದ ಇಸ್ರೇಲ್ ಪ್ರಶಸ್ತಿ ಕೊಟ್ಟಿತು.

ಆ ಫೋಟೋದ ಕ್ಯಾಪ್ಶನ್ ಒಂದು ಹೆಸರು, ಒಂದು ಹೊತ್ತು, ಅಷ್ಟೇ. ಅದು ಸಿಗುವವರೆಗೆ ಆ ಯುವಕನ ಪರವಾಗಿ ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ.

ಇದು ಒಂದೇ ಕಡೆಯ ಮಾತಾಯಿತು ಅನ್ನಬೇಡಿ. 2006ರ ಫೆಬ್ರವರಿಯಲ್ಲಿ ವೆಸ್ಟ್ ಬ್ಯಾಂಕಿನ ಅಮೋನಾದಲ್ಲಿ ಯಹೂದಿ ವಲಸಿಗರ ಅಕ್ರಮ ಮನೆಗಳನ್ನು ಕೆಡವಲು ಪೊಲೀಸರು ಬಂದರು. ಒಬ್ಬಳೇ ಹುಡುಗಿ ಗುರಾಣಿ ಹಿಡಿದ ಪೊಲೀಸರ ದಂಡಿಗೆ ಎದುರಾಗಿ ತಳ್ಳುತ್ತಿರುವ ಚಿತ್ರವನ್ನು ಎಪಿ ಸುದ್ದಿಸಂಸ್ಥೆಯ ಓಡೆಡ್ ಬಲಿಲ್ಟಿ ತೆಗೆದರು. ಮುಂದಿನ ವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಜಗತ್ತೆಲ್ಲ 'ಒಬ್ಬಳು ನೂರಾರು ಜನರ ಎದುರು' ಅಂತ ಓದಿತು. ಆ ಹುಡುಗಿಯನ್ನು ಕೇಳಿದರೆ ಅದು ಭ್ರಮೆ ಅಂದಳು. ಅಷ್ಟು ಪೊಲೀಸರ ಹಿಂದೆ ಇರುವುದು ಒಬ್ಬನೇ ಒಬ್ಬ ಪ್ರಧಾನಿ, ನನ್ನ ಹಿಂದೆ ದೇವರಿದ್ದಾನೆ, ಇಸ್ರೇಲಿನ ಜನರಿದ್ದಾರೆ ಅಂದಳು! ಅವಳ ರಾಜಕೀಯ ನನಗೆ ಒಗ್ಗುವುದಿಲ್ಲ. ಆದರೆ ತನ್ನ ಫೋಟೋಗೆ ತಾನೇ ಕ್ಯಾಪ್ಶನ್ ಬರೆದಳಲ್ಲ, ಅದಕ್ಕೆ ಮಾತ್ರ ನನ್ನ ಒಂದು ನಮಸ್ಕಾರ. ಚಿತ್ರ ತಾನೇ ಮಾತಾಡಿದಾಗ ಅವಳು ಹೇಳಬೇಕೆಂದಿದ್ದಕ್ಕೆ ಉಲ್ಟಾ ಹೇಳಿತ್ತು.

ನನಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಹೇಳಿಬಿಡುತ್ತೇನೆ. ಮೂವತ್ತು ವರ್ಷದ ಹಿಂದೆ ಒಂದು ದಿನಪತ್ರಿಕೆಯಲ್ಲಿ ಸಬ್ ಎಡಿಟರ್ ಆಗಿದ್ದೆ. ಮಳೆಗಾಲ, ಹೊಳೆ ಉಕ್ಕಿದ ಸುದ್ದಿ ರಾತ್ರಿ ಹತ್ತಕ್ಕೆ ಬಂತು, ಫೋಟೋ ಬರಲಿಲ್ಲ. ಕಪಾಟಿನಿಂದ ಹಳೆಯ ನೆರೆಯ ಫೋಟೋ ಒಂದನ್ನು ತೆಗೆದು ಹಾಕಿದೆ. ಹೆಂಚಿನ ಮಾಡಿನ ಮೇಲೆ ಕೂತ ಒಬ್ಬ ಅಜ್ಜಿ. 'ಸಂಗ್ರಹ ಚಿತ್ರ' ಅಂತ ಎರಡು ಪದ ಹಾಕಲು ಸೋಮಾರಿತನ. ಮೂರನೇ ದಿನ ಒಬ್ಬರು ಪೇಪರ್ ಮಡಿಚಿಕೊಂಡು ಆಫೀಸಿಗೆ ಬಂದರು. ಜಗಳ ಮಾಡಲಿಲ್ಲ. "ಇದು ನಮ್ಮಮ್ಮ ಸಾರ್. ತೀರಿಕೊಂಡು ಎರಡು ವರ್ಷ ಆಯ್ತು. ಬೆಳಿಗ್ಗೆಯಿಂದ ನೆಂಟರೆಲ್ಲ ಫೋನ್ ಮಾಡಿ ಕೇಳ್ತಿದ್ದಾರೆ, ಏನು ಹೇಳ್ಲಿ?" ಅಂದರು. ನಾನು ಕಾಫಿ ತರಿಸಿದೆ. ಅವರು ಕುಡಿಯಲಿಲ್ಲ.

ಹಾಗಾಗಿಯೇ ಏನೋ, ಮಿಕಿ ಕ್ರಾಟ್ಸ್‌ಮನ್ ಮಾಡಿದ ಕೆಲಸ ಓದಿದಾಗ ನನಗೆ ನಿದ್ದೆ ಬರಲಿಲ್ಲ. ಅರ್ಜೆಂಟೀನಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಇಸ್ರೇಲಿಗೆ ಬಂದವರು. ವರ್ಷಗಟ್ಟಲೆ ಪತ್ರಕರ್ತ ಗಿಡಿಯನ್ ಲೆವಿ ಜೊತೆ ವೆಸ್ಟ್ ಬ್ಯಾಂಕ್, ಗಾಜಾ ಸುತ್ತಿ ಫೋಟೋ ತೆಗೆದರು. ಆಮೇಲೆ ತಮ್ಮ ಹಳೆಯ ನೆಗೆಟಿವ್‌ಗಳನ್ನು ಹರವಿಕೊಂಡು ಕೂತರು. ಸುದ್ದಿಯ ಅಂಚಿನಲ್ಲಿ ನಿಂತಿದ್ದ, ಹಿನ್ನೆಲೆಯಲ್ಲಿ ಮಸುಕಾಗಿ ಬಿದ್ದಿದ್ದ ಪ್ಯಾಲೆಸ್ತೀನಿಯರ ಮುಖಗಳನ್ನು ಬಿಡಿಸಿ ಫೇಸ್‌ಬುಕ್‌ನಲ್ಲಿ ಹಾಕಿದರು. ಇವರು ಯಾರು, ಈಗ ಹೇಗಿದ್ದಾರೆ, ಗೊತ್ತಿದ್ದವರು ತಿಳಿಸಿ ಅಂತ. ಉತ್ತರ ಬಂತು. ಇವನು ನನ್ನ ಚಿಕ್ಕಪ್ಪ. ಇವನು ಜೈಲಿನಲ್ಲಿದ್ದಾನೆ. ಇವನು ಸತ್ತ. ಇದು ನಾನೇ. ಮೇಷ್ಟ್ರೇ, ಕ್ಯಾಪ್ಶನ್ ಬರೆಯಲು ಇಷ್ಟು ವರ್ಷ ಆದಮೇಲೂ ವಾಪಸ್ ಹೋಗುವ ಮನುಷ್ಯ ಸಿಕ್ಕರೆ ನಾನು ನಮ್ಮ ಪತ್ರಿಕೆಯನ್ನೇ ಅವನ ಕೈಗೆ ಕೊಟ್ಟು ಮನೆಗೆ ಹೋಗುತ್ತೇನೆ.

ಇನ್ನು ಉಂಡ ಮನೆಯ ಮಾತು. ನಿಮ್ಮ ಅಳುಕು ಅರ್ಥವಾಗುತ್ತದೆ. ಅಲ್ಲಿಯ ಹಿರಿಯ ಫೋಟೋಗ್ರಾಫರ್ ಮಿಖಾ ಬಾರ್-ಆಮ್ ಕೂಡ ಒಪ್ಪಿಕೊಂಡಿದ್ದರು. ಹತ್ತಿರ ಹೋಗದಿದ್ದರೆ ಚಿತ್ರ ಚೆನ್ನಾಗಿ ಬರುವುದಿಲ್ಲ ಅನ್ನುವ ಯುದ್ಧದ ಫೋಟೋಗ್ರಾಫರ್ ರಾಬರ್ಟ್ ಕಾಪಾನ ಮಾತಿಗೆ, ತೀರಾ ಹತ್ತಿರ ಹೋದರೆ ನೋಟವೇ ತಪ್ಪುತ್ತದೆ ಅಂತ ತಮ್ಮದೊಂದು ಸೇರಿಸಿದ್ದರು. ಸರಿಯೇ. ಆದರೆ 2004ರಲ್ಲಿ ಟೆಲ್ ಅವೀವ್‌ನಲ್ಲಿ 'ಬ್ರೇಕಿಂಗ್ ದ ಸೈಲೆನ್ಸ್' ಹೆಸರಿನಲ್ಲಿ ಪ್ರದರ್ಶನ ಇಟ್ಟವರು ಯಾರು? ವೆಸ್ಟ್ ಬ್ಯಾಂಕಿನ ಹೆಬ್ರಾನ್‌ನಲ್ಲಿ ಕಾವಲು ಕಾದು ಬಂದ ಇಸ್ರೇಲಿ ಸೈನಿಕರೇ. ಫೋಟೋಗಳೂ ಅವರೇ ನೆನಪಿಗೆಂದು ತೆಗೆದುಕೊಂಡವು. ಆಲ್ಬಮ್‌ನಲ್ಲಿದ್ದಾಗ ಅವು ಗೆಳೆಯರ ಫೋಟೋ. ಪಕ್ಕದಲ್ಲಿ ವಿಡಿಯೋ ಇಟ್ಟು, ಅವತ್ತು ನಾನು ಇಂಥದ್ದು ಮಾಡಿದೆ ಅಂತ ಹೇಳಿದಾಗ ಬೇರೆಯೇ ಆಯಿತು. ಮಿಲಿಟರಿ ಪೊಲೀಸರು ದಾಳಿ ಮಾಡಿದರಲ್ಲ, ಆಗ ಎತ್ತಿಕೊಂಡು ಹೋದದ್ದು ಆ ಮಾತುಗಳಿದ್ದ ವಿಡಿಯೋ. ನೋಡಿ, ಪೊಲೀಸರಿಗೂ ನನ್ನ ವಾದ ಗೊತ್ತಿತ್ತು.

ಮತ್ತೆ ಮನೆ ಯಾರದ್ದು? 2023ರ ಅಕ್ಟೋಬರ್ 7ರ ಬೆಳಿಗ್ಗೆ ಇಸ್ರೇಲಿನ ಸುದ್ದಿತಾಣ ವೈನೆಟ್‌ನ ಫೋಟೋಗ್ರಾಫರ್ ರೋಯಿ ಇದಾನ್ ಕಫರ್ ಅಜ್ಜಾದಲ್ಲಿ, ತಾವಿದ್ದ ಕಿಬ್ಬುಟ್ಜ್‌ ಅನ್ನುವ ಸಾಮುದಾಯಿಕ ಹಳ್ಳಿಯಲ್ಲೇ, ಗಾಳಿಯಲ್ಲಿ ಇಳಿದು ಬರುತ್ತಿದ್ದ ಹಮಾಸ್‌ನವರ ಚಿತ್ರ ತೆಗೆದರು. ಸ್ವಲ್ಪ ಹೊತ್ತಿನಲ್ಲೇ ಅವರನ್ನೂ ಹೆಂಡತಿಯನ್ನೂ ಕೊಂದರು. ಅದಾದ ಮೇಲೆ ಶುರುವಾದ ಯುದ್ಧದಲ್ಲಿ ಗಾಜಾದ ಒಳಗೆ ವಿದೇಶಿ ಪತ್ರಕರ್ತರನ್ನು ಇಸ್ರೇಲ್ ಸ್ವತಂತ್ರವಾಗಿ ಬಿಟ್ಟುಕೊಳ್ಳಲಿಲ್ಲ. ಅಲ್ಲಿಂದ ಬಂದ ಚಿತ್ರಗಳಲ್ಲಿ ಹೆಚ್ಚಿನವು ಅಲ್ಲಿಯವರದ್ದೇ. ರಾಯಿಟರ್ಸ್‌ನ ಮೊಹಮ್ಮದ್ ಸಲೇಂ ಖಾನ್ ಯೂನಿಸ್ ಆಸ್ಪತ್ರೆಯಲ್ಲಿ ತೆಗೆದ ಚಿತ್ರ 2024ರ ವರ್ಲ್ಡ್ ಪ್ರೆಸ್ ಫೋಟೋ ಆಯಿತು. ಬಿಳಿ ಬಟ್ಟೆ ಸುತ್ತಿದ ಮಗುವನ್ನು ತಬ್ಬಿ ಕೂತ ಹೆಂಗಸು. ಇಬ್ಬರ ಮುಖವೂ ಕಾಣುವುದಿಲ್ಲ. ಕೂತವಳು ಅತ್ತೆ, ಬಟ್ಟೆಯಲ್ಲಿರುವುದು ಅವಳ ಐದು ವರ್ಷದ ಸೊಸೆಯ ಹೆಣ ಅನ್ನುವುದು ಗೊತ್ತಾಗುವುದು ಕೆಳಗಿನ ಸಾಲಿನಿಂದ. ಆ ಸಾಲು ತೆಗೆದುಬಿಟ್ಟರೆ ಯಾವ ದೇಶದ್ದು ಬೇಕಾದರೂ ಅನ್ನಬಹುದು.

ಹಾಗೆ ಅನ್ನುವುದು ಈಗ ಎಷ್ಟು ಸಲೀಸು! ಸಿರಿಯಾದ ಹಳೆಯ ಫೋಟೋ ಗಾಜಾದ್ದಾಗುತ್ತದೆ, ವಿಡಿಯೋ ಗೇಮ್ ಯುದ್ಧವಾಗುತ್ತದೆ. 2024ರ ಮೇ ತಿಂಗಳಲ್ಲಿ ಗಾಜಾದ ರಫಾ ಊರಿನ ಬಗ್ಗೆ ಒಂದು ಚಿತ್ರ ಇನ್‌ಸ್ಟಾಗ್ರಾಮ್‌ನಲ್ಲಿ ನಾಲ್ಕು ಕೋಟಿಗೂ ಜಾಸ್ತಿ ಸಲ ಹಂಚಿಕೆಯಾಯಿತು. ಸಾಲು ಸಾಲು ಡೇರೆ, ಹಿಂದೆ ಹಿಮದ ಬೆಟ್ಟದಂಥದ್ದು. ಕಂಪ್ಯೂಟರ್ ಬರೆದದ್ದು. ಅದರಲ್ಲಿ ಒಂದು ನರಪಿಳ್ಳೆ ಇಲ್ಲ. ಕ್ಯಾಮೆರಾ ಹಿಡಿದು ಸತ್ತವರ ಚಿತ್ರಗಳಿಗೆ ಅದರ ಕಾಲು ಭಾಗ ಕಣ್ಣೂ ಸಿಗಲಿಲ್ಲ ಅಂತ ನನ್ನ ಹೊಟ್ಟೆ ಉರಿ.

ನಮ್ಮವರೇನು ಕಡಿಮೆಯಾ? ಕನ್ನಡದ ಯಾವ ಪೇಜ್ ತಿರುವಿದರೂ 'ಚಿತ್ರಕೃಪೆ: ಇಂಟರ್ನೆಟ್'. ಇಂಟರ್ನೆಟ್ ಯಾವತ್ತು ಬಿಸಿಲಲ್ಲಿ ನಿಂತು ಕ್ಯಾಮೆರಾ ಹಿಡಿದಿತ್ತು ಸ್ವಾಮಿ? ಯಾರದ್ದೋ ಕೂಲಿ ಅದು. ನಮ್ಮ ಪತ್ರಿಕೆಯಲ್ಲೂ ಎರಡು ಸಲ ಹಾಗೆ ಬಂದಿದೆ. ಮೂರನೇ ಸಲ ಬಂದರೆ ಡೆಸ್ಕಿನವರ ಟೀ ಬಂದ್ ಅಂತ ನೋಟಿಸ್ ಅಂಟಿಸಿದ್ದೇನೆ.

ಹೇಳಲು ಮರೆತೆ. ನೀವು ಕಳಿಸಿದ ಶಾಲೆಯ ಫೋಟೋ ತುಂಬಾ ಚೆನ್ನಾಗಿದೆ. ಮುಂದಿನ ಸಂಚಿಕೆಗೆ ಜಾಗವೂ ಇಟ್ಟಿದ್ದೇನೆ. ಆದರೆ ತಿರುಗಿಸಿ ನೋಡಿದರೆ ಹಿಂದೆ ಒಂದಕ್ಷರ ಇಲ್ಲ. ಯಾವ ಶಾಲೆ, ಯಾವ ವರ್ಷ, ಎಡದಿಂದ ಬಲಕ್ಕೆ ಯಾರ್ಯಾರು, ದಯವಿಟ್ಟು ಬರೆದು ಕಳಿಸಿ. ಎರಡನೇ ಸಾಲಿನ ಕೊನೆಗೆ ಕಣ್ಣು ಮುಚ್ಚಿಕೊಂಡು ನಿಂತ ಹುಡುಗನ ಹೆಸರು ಬಿಟ್ಟುಬಿಡಬೇಡಿ.