ಓಡುತ್ತಾ ಹೊಡೆಯಬೇಡಿ, ಕುದುರೆಯಿಂದ ಇಳಿಯಿರಿ

'ರೆಡ್ ಡೆಡ್ ರಿಡೆಂಪ್ಷನ್ 2 ವಿಡಿಯೋ ಗೇಮ್ ಆಡುವಾಗ, ತಲೆಗೆ ಕಟ್ಟಿದ ಬೆಲೆಗಾಗಿ ಬೆನ್ನಟ್ಟುವ ಬೌಂಟಿ ಹಂಟರ್‌ಗಳು ಗುಂಪುಗಟ್ಟಿ ಬಂದರೆ ಪ್ರತಿಸಲವೂ ಸಾಯುತ್ತೇನೆ. ಕುದುರೆಯ ಮೇಲಿಂದ ಎಷ್ಟು ಗುಂಡು ಹಾರಿಸಿದರೂ ಒಂದೂ ತಗಲುವುದಿಲ್ಲ. ಏನು ಮಾಡಲಿ?' ಎಂದು ಕೇಳಿದ್ದೀರಿ. ಮೊದಲು ಕುದುರೆಯಿಂದ ಇಳಿಯಿರಿ. ಇದು ನನಗೆ ಹೊಳೆದದ್ದು ಆಟದ ನ್ಯೂ ಹ್ಯಾನೋವರ್ ಪ್ರಾಂತ್ಯದ ಹಾರ್ಟ್‌ಲ್ಯಾಂಡ್ಸ್ ಬಯಲಿನಲ್ಲಿ, ಪ್ರಾಣ ಹೋಗುವುದೊಂದು ಬಾಕಿ ಇದ್ದಾಗ.

ವ್ಯಾಲಂಟೈನ್ ಪಟ್ಟಣದಲ್ಲಿ ಶುರುವಾದ ಜಗಳವೊಂದು ಗುಂಡೇಟಿನವರೆಗೆ ಹೋಗಿತ್ತು. ನೋಡಿದವನೊಬ್ಬ ಓಡಿಹೋಗಿ ದೂರು ಕೊಟ್ಟ. ಆಟದಲ್ಲಿ ನಾವು ನಡೆಸುವ ನಾಯಕ ಆರ್ಥರ್‌ನ ತಲೆಗೆ ಬೆಲೆ ಬಿತ್ತು. ಅದನ್ನು ಕಟ್ಟದೆ ನಾನು ಜಿಂಕೆ ಬೇಟೆಗೆ ಹೊರಟಿದ್ದೆ. ಫ್ಲ್ಯಾಟ್‌ನೆಕ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಜಿಂಕೆಯ ಚರ್ಮವನ್ನು ಕುದುರೆಯ ಬೆನ್ನಿಗೆ ಹೇರುತ್ತಿದ್ದಂತೆಯೇ ಮೂಲೆಯ ನಕ್ಷೆಯಲ್ಲಿ ಕೆಂಪು ಚುಕ್ಕೆಗಳು ಮೂಡಿದವು. ಎಡಗಡೆಯಿಂದ ಮೂವರು, ಹಿಂದಿನಿಂದ ಇಬ್ಬರು, ಜೊತೆಗೊಂದು ನಾಯಿ.

ನನ್ನ ಕುದುರೆ ಬೆಳ್ಳಿ. ಆಂಬರಿನೋದ ಇಸಾಬೆಲ್ಲಾ ಸರೋವರದ ಹಿಮದಲ್ಲಿ ಗಂಟೆಗಟ್ಟಲೆ ಕಾದು, ಹಗ್ಗ ಬೀಸಿ ಹಿಡಿದು ಪಳಗಿಸಿದ, ಅರೇಬಿಯನ್ ತಳಿಯ ಬಿಳಿ ಕುದುರೆ. ಈ ಆಟದಲ್ಲಿ ಸತ್ತ ಕುದುರೆ ಮರಳಿ ಬರುವುದಿಲ್ಲ. ಹಾಗಾಗಿ ಅದನ್ನು ಉಳಿಸಬೇಕೆಂದೇ ನಾಗಾಲೋಟದಲ್ಲಿ ಓಡಿಸಿದೆ, ತಿರುಗಿ ತಿರುಗಿ ಗುಂಡು ಹಾರಿಸಿದೆ. ಕುದುರೆ ಕುಪ್ಪಳಿಸಿದಾಗಲೆಲ್ಲ ಗುರಿ ಮೇಲೆ ಕೆಳಗೆ ಹೊಯ್ದಾಡುತ್ತಿತ್ತು, ಗುಂಡುಗಳೆಲ್ಲ ಗಾಳಿಯ ಪಾಲಾದವು. ಬೆಳ್ಳಿ ಬೆದರಿ ಮುಂಗಾಲೆತ್ತಿ ನನ್ನನ್ನು ಕೆಡವಿತು. ಎದ್ದು ನಿಂತಾಗ ಕೈಯಲ್ಲಿದ್ದದ್ದು ಎರಡು ರಿವಾಲ್ವರ್ ಮಾತ್ರ. ಲ್ಯಾಂಕಾಸ್ಟರ್ ರಿಪೀಟರ್ ಎಂಬ ಉದ್ದ ಬಂದೂಕು ಜೀನಿನಲ್ಲೇ ಉಳಿದಿತ್ತು, ಜೀನು ಹೊತ್ತ ಕುದುರೆ ಇಳಿಜಾರಿನಾಚೆ ಮರೆಯಾಗಿತ್ತು.

ಬದುಕಿಸಿದ್ದು ರೈಲು. ಹಳಿಯ ದಿಬ್ಬ ದಾಟಿ ಆಚೆ ಬದಿಗೆ ಉರುಳಿಕೊಳ್ಳುವುದಕ್ಕೂ ಶಿಳ್ಳೆ ಹಾಕುತ್ತಾ ರೈಲು ಬರುವುದಕ್ಕೂ ಸರಿಹೋಯಿತು. ಹಳಿ ದಾಟಲು ನುಗ್ಗಿದ ಒಬ್ಬ ಕುದುರೆಸಮೇತ ಹಾರಿಬಿದ್ದ. ಉಳಿದವರು ಆಚೆಯೇ ನಿಂತುಬಿಟ್ಟರು. ಡಬ್ಬಿಗಳು ಒಂದೊಂದಾಗಿ ಗಡಗಡ ಸಾಗುತ್ತಿದ್ದ ಆ ಕೆಲವೇ ಸೆಕೆಂಡುಗಳಲ್ಲಿ ತಂಬಾಕು ಅಗಿದು, ಕಾಲವನ್ನು ನಿಧಾನಗೊಳಿಸಿ ಗುರಿ ಹಿಡಿಯಲು ಬಿಡುವ 'ಡೆಡ್ ಐ' ಶಕ್ತಿಯನ್ನು ತುಂಬಿಸಿಕೊಂಡೆ, ಎರಡೂ ರಿವಾಲ್ವರ್‌ಗಳಿಗೆ ಗುಂಡು ಹಾಕಿಕೊಂಡು ಬಂಡೆಯೊಂದಕ್ಕೆ ಬೆನ್ನು ಕೊಟ್ಟು ಕೂತೆ. ಕೊನೆಯ ಡಬ್ಬಿ ಸರಿದಾಗ ನಾಲ್ವರೂ ಹಳಿಯ ಪಕ್ಕ ಒತ್ತೊತ್ತಾಗಿ ನಿಂತಿದ್ದರು. ಕಾಲ ನಿಧಾನವಾಯಿತು. ಮೂರು ತಲೆಗಳ ಮೇಲೆ ಕೆಂಪು ಗುರುತು ಹಾಕಿ ಬೆರಳು ಬಿಟ್ಟೆ, ಮೂವರೂ ಉರುಳಿದರು. ನಾಲ್ಕನೆಯವನು ಕುದುರೆಯಿಂದ ಧುಮುಕಿ ದಿಬ್ಬದ ಮರೆಗೆ ಸೇರಿಕೊಂಡ. ತಲೆ ಎತ್ತುವ ತನಕ ಕಾದು ಹೊಡೆದೆ. ನಾಯಿ ಬೊಗಳುತ್ತಾ ದೂರ ಓಡಿತು, ಅದನ್ನು ಮುಟ್ಟಲಿಲ್ಲ.

ಶಿಳ್ಳೆ ಹಾಕಿದರೂ ಬೆಳ್ಳಿ ಬರಲಿಲ್ಲ. ಇಳಿಜಾರಿನಲ್ಲಿ ಮಗ್ಗುಲಾಗಿ ಬಿದ್ದು ಕಾಲು ಝಾಡಿಸುತ್ತಿತ್ತು. ಚೀಲದಲ್ಲಿ, ಪ್ರಾಣ ಹೋಗುವ ಮುನ್ನ ಕುದುರೆಯನ್ನು ಉಳಿಸುವ ಔಷಧ ಒಂದೇ ಒಂದು ಉಳಿದಿತ್ತು. ಅದನ್ನು ಕೊಟ್ಟ ಮೇಲೆ ಬೆಳ್ಳಿ ಮೈ ಕೊಡವಿ ಎದ್ದು ನಿಂತಿತು. ಕುತ್ತಿಗೆ ಸವರಿ, ಮೈಗಂಟಿದ ಮಣ್ಣನ್ನು ಬ್ರಷ್‌ನಿಂದ ಉಜ್ಜುತ್ತಾ ಕೂತುಬಿಟ್ಟೆ. ಸೂರ್ಯ ಮುಳುಗಿದ್ದೂ ತಿಳಿಯಲಿಲ್ಲ.

ಅಂದಿನಿಂದ ಕೆಂಪು ಚುಕ್ಕೆ ಕಂಡ ಕೂಡಲೇ ನಾನು ಹುಡುಕುವುದು ದಾರಿಯನ್ನಲ್ಲ, ಬಂಡೆಯನ್ನು. ಬಂಡೆ ಇಲ್ಲದಿದ್ದರೆ ದಪ್ಪ ಮರವೋ ಹಳಿಯ ದಿಬ್ಬವೋ ಸಾಕು. ಇಳಿಯುವ ಮುಂಚೆಯೇ ಉದ್ದ ಬಂದೂಕನ್ನು ಜೀನಿನಿಂದ ಆರಿಸಿ ಕೈಗೆತ್ತಿಕೊಳ್ಳಿ, ಇದನ್ನು ಮರೆತರೆ ನನ್ನ ಪಾಡೇ ನಿಮ್ಮದೂ ಆಗುತ್ತದೆ. ಕುದುರೆಯನ್ನು ದೂರ ಕಳುಹಿಸಿ, ಗುಂಡು ಹಾರುವ ಜಾಗದಲ್ಲಿ ಅದಕ್ಕೇನು ಕೆಲಸ? ಅವರು ಹತ್ತಿರ ಬರಲಿ. ನಿಂತ ಕೈಗೆ ಗುರಿ ಸಿಕ್ಕಷ್ಟು ಸುಲಭವಾಗಿ ಓಡುವ ಕುದುರೆಯ ಮೇಲೆ ಎಂದೂ ಸಿಗದು. ಬಂದೂಕಿಗೆ ಆಗಾಗ ಎಣ್ಣೆ ಹಾಕಿ, ಕೊಳೆ ಹಿಡಿದರೆ ಅದರ ಶಕ್ತಿ ಕುಂದುತ್ತದೆ.

ಬ್ಲ್ಯಾಕ್‌ವಾಟರ್ ಪಟ್ಟಣದ ಸುತ್ತಮುತ್ತ ಮಾತ್ರ ಈ ಮಾತು ನಡೆಯುವುದಿಲ್ಲ. ಆರ್ಥರ್ ಅಲ್ಲಿ ಕಾಲಿಟ್ಟರೆ ಒಂದು ತಂಡ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ, ಅಲ್ಲಿಂದ ಹೊರಬೀಳುವುದೇ ಸರಿ. ಉಳಿದ ಕಡೆ ತಲೆಯ ಬೆಲೆಯನ್ನು ರೈಲು ನಿಲ್ದಾಣದ ಅಂಚೆ ಕಿಟಕಿಯಲ್ಲಿ ಕಟ್ಟಿಬಿಡಬಹುದು. ನಾನು ಅಂದು ರಾತ್ರಿಯೇ ವ್ಯಾಲಂಟೈನ್‌ಗೆ ಹೋಗಿ ಕಟ್ಟಿದೆ, ಉಳಿದ ಹಣದಲ್ಲಿ ಬೆಳ್ಳಿಗೆ ಇನ್ನೆರಡು ಔಷಧ ಕೊಂಡೆ.