14 ಇದ್ದದ್ದು 6 ಆಯ್ತು, ಈಗ 3 ಅಂತಾರೆ. ಅಪ್ಪ ಹುಷಾರಾದ್ರಾ?

ಪ್ರಶ್ನೆ: ಮೂರು ತಿಂಗಳ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತೂ ಸರಿಯಾಗಿ ಬರುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ ದಿನ ಸ್ಕೋರ್ 14 ಅಂದರು, ಮನೆಗೆ ಕಳಿಸುವಾಗ 6 ಅಂದರು. ಮೊನ್ನೆ ತಪಾಸಣೆಗೆ ಹೋದಾಗ ‘ರ‍್ಯಾಂಕಿನ್ 3’ ಅಂತ ಬರೆದಿದ್ದಾರೆ. ಅಂದರೆ ಹೆಚ್ಚುಕಮ್ಮಿ ವಾಸಿಯಾದ ಹಾಗೇ ಅಲ್ವಾ? ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಇನ್ನೂ ಆಗುತ್ತಿಲ್ಲ, ಸ್ನಾನಕ್ಕೆ ನಾನೇ ಜೊತೆಗಿರಬೇಕು.

ಉತ್ತರ: ಇಲ್ಲ, ಆ 3 ಬೇರೆ ಲೆಕ್ಕದ್ದು. 14, 6, 3 ಎಂದು ಒಂದೇ ಸಾಲಿನಲ್ಲಿಟ್ಟು ನೋಡಬೇಡಿ.

ಮೊದಲೆರಡು ಅಂಕಗಳು ಎನ್‌ಐಎಚ್‌ಎಸ್‌ಎಸ್ ಎಂಬ ಪರೀಕ್ಷೆಯವು. ಅದು 0ಯಿಂದ 42ರವರೆಗೆ ಇದೆ, ಜಾಸ್ತಿಯಾದಷ್ಟೂ ಸ್ಟ್ರೋಕ್ ಜೋರು. ಕೈಯನ್ನು 10 ಸೆಕೆಂಡ್, ಕಾಲನ್ನು 5 ಸೆಕೆಂಡ್ ಎತ್ತಿ ಹಿಡಿಯಲು ಆಗುತ್ತಾ, ಮುಖ ವಾರೆಯಾಗಿದೆಯಾ, ಹೇಳಿದ್ದು ಅರ್ಥವಾಗುತ್ತಾ ಎಂದು ಹಾಸಿಗೆ ಪಕ್ಕ ನಿಂತೇ ನೋಡಿ ಅಂಕ ಕೊಡುತ್ತಾರೆ. 5ರಿಂದ 15 ಅಂದರೆ ಸಾಮಾನ್ಯವಾಗಿ ಮಧ್ಯಮ. ಹಾಗಾಗಿ 14ರಿಂದ 6ಕ್ಕೆ ಇಳಿದದ್ದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಇದರಲ್ಲಿ ನಡಿಗೆಗೆ ಅಂಕವೇ ಇಲ್ಲ, ಬೆರಳುಗಳ ಕೆಲಸಕ್ಕೂ ಇಲ್ಲ! ನಿಮ್ಮ ಅಪ್ಪನ ಗುಂಡಿಯ ಕಷ್ಟ ಅದಕ್ಕೆ ಕಾಣುವುದೇ ಇಲ್ಲ. ಭಾಷೆ ಹಿಡಿತದಲ್ಲಿದ್ದರೆ ಮಾತ್ರ ಮಾಡಲಾಗುವ ಅಂಶಗಳಿಗೆ 7 ಅಂಕ ಇದೆ, ಒಂದು ಪಕ್ಕದ ಕಡೆ ಗಮನವೇ ಹೋಗದಿರುವ ತೊಂದರೆಗೆ ಬರೀ 2. ಭಾಷೆ ಹೆಚ್ಚಿನವರಲ್ಲಿ ಮೆದುಳಿನ ಎಡಭಾಗದ ಕೆಲಸ, ಗಮನದ ಈ ತೊಂದರೆ ಹೆಚ್ಚಾಗಿ ಬಲಭಾಗಕ್ಕೆ ಪೆಟ್ಟಾದಾಗ ಬರುವುದು. ಅದಕ್ಕೇ ಬಲಭಾಗದ ಸ್ಟ್ರೋಕ್ ಅಂಕದಲ್ಲಿ ಸಣ್ಣದಾಗಿ ಕಾಣುವುದುಂಟು. ಹಿಂಭಾಗದಲ್ಲಾಗಿ ತಲೆ ಸುತ್ತಿ ನಿಲ್ಲಲೂ ಆಗದವರಿಗೂ ಅಂಕ ಕಮ್ಮಿ ಬರಬಹುದು. ಇನ್ನೊಬ್ಬರ 4ಕ್ಕೆ ಅಪ್ಪನ 6 ಹೋಲಿಸಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ರ‍್ಯಾಂಕಿನ್ ಕೇಳುವುದು ಒಂದೇ: ದಿನನಿತ್ಯದ ಬದುಕು ಎಷ್ಟು ಸ್ವತಂತ್ರ? 0 ಅಂದರೆ ಯಾವ ತೊಂದರೆಯೂ ಇಲ್ಲ, 5 ಅಂದರೆ ಹಾಸಿಗೆ ಹಿಡಿದಿದ್ದಾರೆ, 6 ಅಂದರೆ ಸಾವು. 3 ಅಂದರೆ ಯಾರೂ ಹಿಡಿದುಕೊಳ್ಳದೆ ನಡೆಯುತ್ತಾರೆ, ಕೋಲು ಇದ್ದರೂ ಸರಿ, ಆದರೆ ಕೆಲವು ಕೆಲಸಕ್ಕೆ ಇನ್ನೊಬ್ಬರ ಸಹಾಯ ಬೇಕು. ನೀವು ಬರೆದದ್ದೂ ಅದನ್ನೇ ಅಲ್ವಾ? ಸಾಮಾನ್ಯವಾಗಿ 90 ದಿನಕ್ಕೆ ಇದನ್ನು ನೋಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ನಿಂತೇ ಹೋಯಿತು ಎಂದೇನಲ್ಲ, ವ್ಯಾಯಾಮ ಬಿಡಿಸಬೇಡಿ.

ಆದರೆ 0ಯಿಂದ 6ರವರೆಗಿನ ಇಷ್ಟು ಒರಟು ಅಳತೆಯಲ್ಲಿ ಸಣ್ಣ ಸುಧಾರಣೆ ತಿಳಿಯುವುದಿಲ್ಲ. ಬಾರ್ಥೆಲ್ ಎಂಬ ಇನ್ನೊಂದಿದೆ: ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಹೀಗೆ 10 ಕೆಲಸ, ಒಟ್ಟು 100 ಅಂಕ, ಇಲ್ಲಿ ಜಾಸ್ತಿ ಬಂದರೆ ಒಳ್ಳೆಯದು (ಗೊಂದಲ ಆಗದೆ ಇನ್ನೇನು!). ಫಿಸಿಯೋಥೆರಪಿಸ್ಟ್ ಹತ್ತಿರ ಅದನ್ನು ಕೇಳಿ. ಮನೆಯಲ್ಲೂ ವಾರಕ್ಕೊಮ್ಮೆ ಬರೆದಿಡಿ: ಎಷ್ಟು ಗುಂಡಿ ಹಾಕಿದರು, ಎಷ್ಟು ಹೆಜ್ಜೆಗೆ ಸುಸ್ತಾದರು, ಮಂಕಾಗಿ ಕೂತಿರುತ್ತಾರಾ. ಸುಸ್ತು, ಬೇಸರ ಸ್ಟ್ರೋಕ್ ಆದವರಲ್ಲಿ ತುಂಬಾ ಸಾಮಾನ್ಯ, ಚಿಕಿತ್ಸೆಯೂ ಇದೆ, ಆದರೆ ನೀವು ಹೇಳದಿದ್ದರೆ ಈ ಅಂಕಗಳಲ್ಲಿ ಅದು ಸಿಗುವುದಿಲ್ಲ.

ಆಗುತ್ತಿದ್ದ ಕೆಲಸ ಇದ್ದಕ್ಕಿದ್ದಂತೆ ಆಗದೆ ಹೋದರೆ, ಮಾತು ಮತ್ತೆ ತೊದಲಿದರೆ, ಬರೆಯುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.